ಮೂವರಿಗೂ ಒಂದೇ ಕ್ಯಾಲ್ಸಿಯಂ ಮಾತ್ರೆ ಸಾಕಾ?

ಪ್ರಶ್ನೆ: ನನಗೆ 45 ವರ್ಷ, ಬೆಂಗಳೂರಿನಲ್ಲಿ ಆಫೀಸ್ ಕೆಲಸ. ಕೆಲವು ತಿಂಗಳಿಂದ ಮೆಟ್ಟಿಲು ಹತ್ತುವಾಗ ಮೊಣಕಾಲು ನೋವು. ಮೆಡಿಕಲ್ ಶಾಪಿನವರು "ಕ್ಯಾಲ್ಸಿಯಂ ಕಮ್ಮಿ ಆಗಿರಬೇಕು" ಅಂತ ಮಾತ್ರೆ ಕೊಟ್ಟರು. ನಮ್ಮ ಅಪಾರ್ಟ್‌ಮೆಂಟಿನಲ್ಲಿ ನಡೆದ ಉಚಿತ ಕ್ಯಾಂಪಿನಲ್ಲಿ ಹಿಮ್ಮಡಿಗೆ ಮಷೀನ್ ಇಟ್ಟು "ಮೂಳೆ ವೀಕ್" ಅಂತ ಚೀಟಿಯನ್ನೂ ಕೊಟ್ಟಿದ್ದಾರೆ. ಮಗಳಿಗೆ 13, ಹಾಲು ಕಂಡರೆ ಆಗುವುದಿಲ್ಲ. ಅಮ್ಮನಿಗೆ 67, ಪಾವಗಡ ಕಡೆ ಹಳ್ಳಿಯಲ್ಲಿದ್ದಾರೆ, ಬೋರ್‌ವೆಲ್ ನೀರೇ ಕುಡಿಯುವುದು. ಹೋದ ವರ್ಷ ಬಚ್ಚಲಲ್ಲಿ ಜಾರಿ ಮಣಿಕಟ್ಟು ಮುರಿದಿತ್ತು, ಕಟ್ಟು ಹಾಕಿಸಿ ಸರಿಹೋಯಿತು. ಹುಟ್ಟಿದಾಗಿನಿಂದ ರಾಗಿಮುದ್ದೆ ತಿಂದವರ ಮೂಳೆ ಯಾಕೆ ಮುರಿಯಬೇಕು? ಮೂವರಿಗೂ ಅದೇ ಮಾತ್ರೆ ಕೊಟ್ಟರೆ ಸಾಕಾ?

ಉತ್ತರ: ನಿಮ್ಮ ಮೊಣಕಾಲಿನ ವಿಷಯ ಆಮೇಲೆ ನೋಡೋಣ. ನೀವು ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋದ ಸಂಗತಿಯೇ ಇಲ್ಲಿ ಎಲ್ಲಕ್ಕಿಂತ ತುರ್ತಿನದು. ಅಮ್ಮನ ಮಣಿಕಟ್ಟು.

67 ವರ್ಷದವರು ನಿಂತಲ್ಲೇ ಜಾರಿ ಬಿದ್ದು ಕೈ ಮುರಿದುಕೊಂಡರೆ, ಜಾರಿದ್ದಕ್ಕೆ ಮುರಿಯಿತು ಅಂತ ಸುಮ್ನೆ ಬಿಡುವಂತಿಲ್ಲ. ಗಟ್ಟಿ ಮೂಳೆ ಅಷ್ಟಕ್ಕೆಲ್ಲ ಸಾಮಾನ್ಯವಾಗಿ ಮುರಿಯುವುದಿಲ್ಲ. ಹೀಗೆ ಮುರಿದರೆ ಆಸ್ಟಿಯೋಪೊರೋಸಿಸ್, ಅಂದರೆ ಮೂಳೆ ಟೊಳ್ಳಾಗುವ ತೊಂದರೆ, ಇದೆಯೆಂದೇ ಅನುಮಾನಿಸಬೇಕು. ಕಟ್ಟು ಹಾಕಿದವರು ಮೂಳೆ ಕೂಡಿಸಿದರು. ಅದು ಯಾಕೆ ಮುರಿಯಿತು ಅಂತ ಯಾರೂ ಕೇಳಲಿಲ್ಲ. ನಮ್ಮಲ್ಲಿ ಹೆಚ್ಚಿನ ಮನೆಗಳಲ್ಲಿ ಆಗುವುದು ಹೀಗೇ. ಒಮ್ಮೆ ಹೀಗೆ ಮುರಿದವರಿಗೆ ಇನ್ನೊಂದು ಮೂಳೆ ಮುರಿಯುವ ಸಾಧ್ಯತೆ ಹೆಚ್ಚುಕಡಿಮೆ ಎರಡರಷ್ಟು. ಅದೂ ಮೊದಲ ಎರಡು ವರ್ಷಗಳಲ್ಲಿ ಜಾಸ್ತಿ. ನಿಮ್ಮ ಅಮ್ಮ ಈಗ ಆ ಎರಡು ವರ್ಷದ ಒಳಗಿದ್ದಾರೆ. ಸಾಮಾನ್ಯವಾಗಿ ಮೊದಲು ಮಣಿಕಟ್ಟು, ಆಮೇಲೆ ಬೆನ್ನುಮೂಳೆ, ಕೊನೆಗೆ ಸೊಂಟದ ಕೀಲು. ಸೊಂಟದ ಮೂಳೆ ಮುರಿದ ವಯಸ್ಸಾದವರಲ್ಲಿ ಸುಮಾರು ಐವರಿಗೊಬ್ಬರು ಒಂದು ವರ್ಷದೊಳಗೆ ತೀರಿಕೊಳ್ಳುತ್ತಾರೆ. ಹೆದರಿಸಲು ಹೇಳುತ್ತಿಲ್ಲ. ತಡೆಯಲು ಈಗ ಸಮಯ ಇದೆ ಅಂತ ಹೇಳುತ್ತಿದ್ದೇನೆ.

ಹಾಗಾದರೆ ಮುದ್ದೆ ಎಲ್ಲಿ ಕೈಕೊಟ್ಟಿತು? ರಾಗಿಯ ತಪ್ಪೇನೂ ಇಲ್ಲ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಅಕ್ಕಿ, ಗೋಧಿ ಇದರ ಹತ್ತಿರಕ್ಕೂ ಬರುವುದಿಲ್ಲ. ಒಂದು ಮುದ್ದೆಗೆ 80 ಗ್ರಾಂ ಹಿಟ್ಟು ಹಿಡಿದರೆ ಎರಡು ಮುದ್ದೆಯಲ್ಲಿ 560 ಮಿಲಿಗ್ರಾಂ ಬಂತು. ಒಳ್ಳೆಯದೇ. ಆದರೆ ರಾಗಿಯಲ್ಲಿರುವ ಫೈಟೇಟ್ ಎಂಬ ಅಂಶ ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಳ್ಳುತ್ತದೆ, ತಟ್ಟೆಯಲ್ಲಿ ಇದ್ದದ್ದೆಲ್ಲ ರಕ್ತಕ್ಕೆ ಹೋಗುವುದಿಲ್ಲ. ಮೊಳಕೆ ಕಟ್ಟಿದರೆ, ಅಂಬಲಿಯಂತೆ ಹುಳಿ ಬರಿಸಿದರೆ ಫೈಟೇಟ್ ಇಳಿಯುತ್ತದೆ. ಇನ್ನು ಅವರಿಗೆ ಬೇಕಾದದ್ದು ಎಷ್ಟು? ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2010ರಲ್ಲಿ ದೊಡ್ಡವರಿಗೆ ದಿನಕ್ಕೆ 600 ಮಿಲಿಗ್ರಾಂ ಸಾಕು ಎಂದಿತ್ತು. 2020ರ ಪಟ್ಟಿಯಲ್ಲಿ ಅದನ್ನು 1000ಕ್ಕೆ ಏರಿಸಿತು. ಮುಟ್ಟು ನಿಂತವರಿಗೆ 1200. ಮುದ್ದೆಯ ಜೊತೆ ಹುರುಳಿಕಾಳು ಸಾರು, ಸೊಪ್ಪಿನ ಬಸ್ಸಾರು, ಒಂದು ಚೆಂಬು ಮಜ್ಜಿಗೆ ಇದ್ದ ಕಾಲ ಬೇರೆ. ಈಗ ಹಳ್ಳಿಯಲ್ಲೂ ಒಂದು ಹೊತ್ತು ಮುದ್ದೆ, ಉಳಿದ ಹೊತ್ತು ತಿಳಿಸಾರು ಅನ್ನ, ಟೀ ಜೊತೆ ಬನ್ನು.

ಅದಕ್ಕಿಂತ ದೊಡ್ಡ ಕಾರಣ ಊಟದ ತಟ್ಟೆಯ ಹೊರಗಿದೆ. ಮೂಳೆ ದಿನವೂ ಕರಗಿ ದಿನವೂ ಕಟ್ಟಿಕೊಳ್ಳುತ್ತಿರುತ್ತದೆ. ದೊಡ್ಡವರಲ್ಲಿ ವರ್ಷಕ್ಕೆ ಸುಮಾರು ಶೇ. 10ರಷ್ಟು ಮೂಳೆ ಹೊಸದಾಗುತ್ತದೆ. ಒಂದು ಬಗೆಯ ಕೋಶಗಳು ಹಳೆಯದನ್ನು ಕೆರೆದು ತೆಗೆಯುತ್ತವೆ, ಇನ್ನೊಂದು ಬಗೆಯವು ಆ ಗುಂಡಿ ತುಂಬುತ್ತವೆ. ಕೆರೆಯುವ ಕೋಶಗಳನ್ನು ಹದ್ದುಬಸ್ತಿನಲ್ಲಿ ಇಡುವುದು ಈಸ್ಟ್ರೋಜೆನ್ ಹಾರ್ಮೋನು. ಮುಟ್ಟು ನಿಂತ ಮೇಲೆ ಅದು ಇಳಿಯುತ್ತದೆ. ಆಗ ತುಂಬುವುದಕ್ಕಿಂತ ಕೆರೆಯುವುದೇ ಹೆಚ್ಚು. ಮೊದಲ ಐದಾರು ವರ್ಷ ಈ ನಷ್ಟ ಬಲು ಬೇಗ ಆಗುತ್ತದೆ, ಆಮೇಲೆ ನಿಧಾನ. ನಮ್ಮ ದೇಶದ ಹೆಣ್ಣುಮಕ್ಕಳಿಗೆ ಮುಟ್ಟು ನಿಲ್ಲುವುದು 46–47ಕ್ಕೆ, ಪಶ್ಚಿಮದ ದೇಶಗಳಿಗಿಂತ ಕೆಲವು ವರ್ಷ ಮೊದಲೇ. ಅಮ್ಮನಿಗೆ ಗರ್ಭಕೋಶದ ಆಪರೇಷನ್ ಆಗಿದೆಯಾ, ಆಗ ಅಂಡಾಶಯವನ್ನೂ ತೆಗೆದಿದ್ದಾರಾ ಅಂತ ಕೇಳಿ. ನಮ್ಮ ಹಳ್ಳಿಗಳಲ್ಲಿ ಮೂವತ್ತು–ಮೂವತ್ತೈದಕ್ಕೇ ಈ ಆಪರೇಷನ್ ಮಾಡಿಸಿಕೊಂಡವರು ಬಹಳ. ಈಸ್ಟ್ರೋಜೆನ್ ತಯಾರಿಸುವ ಅಂಡಾಶಯ ಹೋದ ದಿನದಿಂದಲೇ ಮೂಳೆ ನಷ್ಟದ ಲೆಕ್ಕ ಶುರುವಾಗಿರುತ್ತದೆ.

ಇನ್ನೊಂದು ಕೊರತೆ ಪ್ರೋಟೀನಿನದು. ಇದರ ಬಗ್ಗೆ ಯಾರೂ ಮಾತಾಡುವುದಿಲ್ಲ. ಮೂಳೆಯನ್ನು ಆರ್‌ಸಿಸಿ ಕಂಬ ಅಂದುಕೊಳ್ಳಿ: ಕ್ಯಾಲ್ಸಿಯಂ ಅದರ ಕಾಂಕ್ರೀಟು, ಕೊಲಾಜೆನ್ ಎಂಬ ಪ್ರೋಟೀನು ಒಳಗಿನ ಕಬ್ಬಿಣದ ಸರಳು. ವಯಸ್ಸಾದವರಿಗೆ "ಜೀರ್ಣ ಆಗಲ್ಲ" ಅಂತ ಗಂಜಿ, ಬ್ರೆಡ್ಡು, ತಿಳಿಸಾರಿಗೆ ಇಳಿಸಿಬಿಡುತ್ತೇವೆ. ನನ್ನ ಪ್ರಕಾರ ಇದು ನಾವು ಪ್ರೀತಿಯಿಂದ ಮಾಡುವ ಅನ್ಯಾಯ. ಅವರ ತೂಕ 50 ಕಿಲೋ ಇದ್ದರೆ ದಿನಕ್ಕೆ 50 ಗ್ರಾಂಗಿಂತ ಕಡಿಮೆಯಿಲ್ಲದಂತೆ ಪ್ರೋಟೀನ್ ಬೇಕು. ಕಿಡ್ನಿ ತೊಂದರೆ ಇದ್ದರೆ ಮಾತ್ರ ವೈದ್ಯರನ್ನು ಕೇಳಿ ನಿರ್ಧರಿಸಿ. ಮೊಟ್ಟೆ ತಿನ್ನುವವರಾದರೆ ಎರಡು ಮೊಟ್ಟೆ, ಗಟ್ಟಿ ಬೇಳೆ, ಹೆಸರುಕಾಳು, ಎರಡು ಬಟ್ಟಲು ಗಟ್ಟಿ ಮೊಸರು. ಹಲ್ಲಿಲ್ಲದಿದ್ದರೆ ಹುರಿಗಡಲೆ ಪುಡಿ ಮಾಡಿ ಮಜ್ಜಿಗೆಗೆ ಕಲಸಿ ಕೊಡಿ.

ಇನ್ನು ಆ ಬೋರ್‌ವೆಲ್ ನೀರು. ಪಾವಗಡ ಅಂದ ಕೂಡಲೇ ನನಗೆ ನೆನಪಾಗುವುದು ನೀರಿನಲ್ಲಿ ಕರಗಿರುವ ಫ್ಲೋರೈಡ್ ಎಂಬ ಲವಣ. ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಒಪ್ಪಬಹುದು ಅನ್ನುತ್ತದೆ ನಮ್ಮ ದೇಶದ ಮಾನದಂಡ. ಆ ಕಡೆಯ ಎಷ್ಟೋ ಬೋರ್‌ವೆಲ್‌ಗಳ ನೀರು ಇದನ್ನು ಮೀರಿದೆ. ವರ್ಷಗಟ್ಟಲೆ ಕುಡಿದರೆ ಫ್ಲೋರೈಡ್ ಮೂಳೆಯೊಳಗೇ ಸೇರಿ ಕೂರುತ್ತದೆ. ವಿಚಿತ್ರ ಏನೆಂದರೆ, ಎಕ್ಸ್‌ರೇಯಲ್ಲಿ ಅಂಥ ಮೂಳೆ ಇನ್ನೂ ದಟ್ಟವಾಗಿ, ಬೆಳ್ಳಗೆ ಕಾಣುತ್ತದೆ. ಆದರೆ ಅದು ಪೆಡಸು, ಸುಲಭವಾಗಿ ಮುರಿಯುವಂಥದ್ದು, ಗಟ್ಟಿಯಲ್ಲ. ಹಾಗಾಗಿ ಮೂಳೆಯ ಸಾಂದ್ರತೆ ಅಳೆಯುವ ಪರೀಕ್ಷೆ ಕೂಡ ಮೋಸ ಮಾಡಬಹುದು: ಅಂಕಿ ಚೆನ್ನಾಗಿರುತ್ತದೆ, ಮೂಳೆ ಚೆನ್ನಾಗಿರುವುದಿಲ್ಲ. ಕುತ್ತಿಗೆ ತಿರುಗಿಸಲು, ಬಗ್ಗಿ ನೆಲ ಮುಟ್ಟಲು ಅಮ್ಮನಿಗೆ ಕಷ್ಟವಾ? ಊರಿನ ಮಕ್ಕಳ ಹಲ್ಲಿನಲ್ಲಿ ಕಂದು ಕಲೆ ಇದೆಯಾ? ಇದ್ದರೆ ವೈದ್ಯರಿಗೆ ತಪ್ಪದೆ ಹೇಳಿ. ಊಟದಲ್ಲಿ ಕ್ಯಾಲ್ಸಿಯಂ ಕಡಿಮೆ ಇದ್ದವರನ್ನು ಫ್ಲೋರೈಡ್ ಜಾಸ್ತಿ ಕಾಡುತ್ತದೆ. ನೀರು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾಗಿ ಇನ್ನಷ್ಟು ಗಟ್ಟಿಯಾಗುತ್ತದೆ ಅಷ್ಟೇ. ಕುಡಿಯಲು ಮಾತ್ರವಲ್ಲ, ಮುದ್ದೆಗೆ ಎಸರಿಡಲು, ಸಾರಿಗೆ ಕೂಡ ಊರಿನ ಶುದ್ಧ ನೀರಿನ ಘಟಕದ ಕ್ಯಾನ್ ನೀರನ್ನೇ ಬಳಸಿ. ಮಳೆನೀರು ಹಿಡಿದಿಟ್ಟುಕೊಂಡರೆ ಇನ್ನೂ ಒಳ್ಳೆಯದು.

ಅಮ್ಮನನ್ನು ಬೆಂಗಳೂರಿಗೆ ಕರೆಸಿ ಡೆಕ್ಸಾ ಸ್ಕ್ಯಾನ್, ಅಂದರೆ ಮೂಳೆಯ ಸಾಂದ್ರತೆ ಅಳೆಯುವ ಪರೀಕ್ಷೆ, ಮಾಡಿಸಿ. ಸೊಂಟ ಮತ್ತು ಬೆನ್ನುಮೂಳೆ ಎರಡನ್ನೂ ನೋಡಬೇಕು. ಅದರಲ್ಲಿ ಟಿ-ಸ್ಕೋರ್ ಅಂತ ಬರುತ್ತದೆ, ಯೌವನದ ಗಟ್ಟಿ ಮೂಳೆಗೆ ಹೋಲಿಸಿದ ಅಂಕಿ ಅದು. ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಆಸ್ಟಿಯೋಪೊರೋಸಿಸ್. ಬೆನ್ನಿನ ಎಕ್ಸ್‌ರೇಯನ್ನೂ ತೆಗೆಸಿ, ಯಾಕೆಂದರೆ ಬೆನ್ನುಮೂಳೆ ಕುಸಿದರೂ ಎಷ್ಟೋ ಜನರಿಗೆ ನೋವೇ ಇರುವುದಿಲ್ಲ. ಕುಳ್ಳಗಾಗಿದ್ದಾರೆ, ಬೆನ್ನು ಬಾಗಿದೆ, ಮೊದಲಿನ ಲಂಗ ಈಗ ನೆಲ ಗುಡಿಸುತ್ತದೆ ಅನ್ನುವುದೇ ಸುಳಿವು. ರಕ್ತದಲ್ಲಿ ಕ್ಯಾಲ್ಸಿಯಂ, ರಂಜಕ, ಆಲ್ಕಲೈನ್ ಫಾಸ್ಫಟೇಸ್, ಕ್ರಿಯಾಟಿನಿನ್, ವಿಟಮಿನ್ ಡಿ, ಥೈರಾಯ್ಡ್ ಇಷ್ಟನ್ನಾದರೂ ನೋಡುತ್ತಾರೆ. ಜೊತೆಗೆ ಅವರು ನುಂಗುವ ಎಲ್ಲ ಮಾತ್ರೆ, ಪುಡಿಗಳನ್ನು ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. ಸಂತೆಯಲ್ಲಿ ಸಿಗುವ, ಒಂದೇ ದಿನಕ್ಕೆ ಕೀಲುನೋವು ಮಾಯ ಮಾಡುವ ಕೆಲವು ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆಸಿರುತ್ತಾರೆ. ತಿಂಗಳುಗಟ್ಟಲೆ ಸ್ಟೀರಾಯ್ಡ್ ಹೊಟ್ಟೆಗೆ ಹೋದರೆ ಮೂಳೆ ಸೊರಗುವುದು ಖಂಡಿತ.

ಒಂದು ಮಾತು ಖಡಾಖಂಡಿತವಾಗಿ ಹೇಳಬೇಕು. ಒಮ್ಮೆ ಮೂಳೆ ಮುರಿದು, ಆಸ್ಟಿಯೋಪೊರೋಸಿಸ್ ಅಂತ ಖಚಿತವಾದ ಮೇಲೆ ಊಟವೊಂದರಿಂದ ಅದು ಸರಿಹೋಗುವುದಿಲ್ಲ. ಕ್ಯಾಲ್ಸಿಯಂ ಮಾತ್ರೆಯಿಂದಲೂ ಇಲ್ಲ. ಕೆರೆಯುವ ಕೋಶಗಳನ್ನು ತಡೆಯುವ ಔಷಧ ಬೇಕು. ವಾರಕ್ಕೊಮ್ಮೆ ನುಂಗುವ ಅಲೆಂಡ್ರೊನೇಟ್ ಮಾತ್ರೆ ಇದೆ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಒಂದು ಲೋಟ ಬರೀ ನೀರಿನಲ್ಲಿ ನುಂಗಿ, ಅರ್ಧ ಗಂಟೆ ಏನೂ ತಿನ್ನದೆ, ಮಲಗದೆ ನೆಟ್ಟಗೆ ಇರಬೇಕು, ಇಲ್ಲದಿದ್ದರೆ ಅನ್ನನಾಳ ಸುಡುತ್ತದೆ. ವರ್ಷಕ್ಕೊಮ್ಮೆ ಡ್ರಿಪ್‌ನಲ್ಲಿ ಕೊಡುವ ಜೊಲೆಡ್ರೊನಿಕ್ ಆಸಿಡ್ ಇದೆ. ಹಳ್ಳಿಯಲ್ಲಿರುವವರಿಗೆ ನನಗೆ ಇದೇ ಸಲೀಸು ಅನ್ನಿಸುತ್ತದೆ, ಕಿಡ್ನಿ ಚೆನ್ನಾಗಿದ್ದು ವಿಟಮಿನ್ ಡಿ ಸರಿಯಿದ್ದರೆ. ಆರು ತಿಂಗಳಿಗೊಮ್ಮೆ ಚುಚ್ಚುವ ಡೆನೊಸುಮಾಬ್ ಕೂಡ ಒಳ್ಳೆಯದೇ. ಆದರೆ ಅದನ್ನು ನಡುವೆ ನಿಲ್ಲಿಸಿದರೆ ಉಳಿಸಿದ ಮೂಳೆಯೆಲ್ಲ ಬೇಗ ಕರಗಿ ಬೆನ್ನುಮೂಳೆಗಳು ಒಂದರ ಮೇಲೊಂದು ಕುಸಿಯಬಹುದು. ದುಡ್ಡು, ಓಡಾಟ ಎರಡಕ್ಕೂ ಕೊನೆವರೆಗೆ ತಯಾರಿದ್ದರೆ ಮಾತ್ರ ಶುರು ಮಾಡಿ. ಹಲ್ಲು ಕೀಳಿಸುವುದಿದ್ದರೆ ಇವೆಲ್ಲಕ್ಕೂ ಮೊದಲೇ ಕೀಳಿಸಿ.

ಬಚ್ಚಲಿಗೆ ಗೋಡೆಗೊಂದು ಹಿಡಿಕೆ, ಒರಟು ಕಲ್ಲು ಅಥವಾ ರಬ್ಬರ್ ಮ್ಯಾಟು, ರಾತ್ರಿ ಉರಿಯುವ ಒಂದು ಸಣ್ಣ ಬಲ್ಬು. ಇಷ್ಟಕ್ಕೆ ಆಗುವ ಖರ್ಚು ಒಂದು ಡೆಕ್ಸಾ ಸ್ಕ್ಯಾನಿಗಿಂತ ಕಡಿಮೆ. ಕಣ್ಣಿನ ಪೊರೆ ಇದ್ದರೆ ತೆಗೆಸಿ. ದಿನಕ್ಕೆರಡು ಸಲ ಕುರ್ಚಿಯಿಂದ ಕೈ ಊರದೆ ಹತ್ತು ಬಾರಿ ಎದ್ದು ಕೂರಲಿ. ತೊಡೆ ಗಟ್ಟಿಯಿದ್ದರೆ ಬೀಳುವುದೇ ಕಡಿಮೆ. ಎಲೆ ಅಡಿಕೆ ಹಾಕುವವರಾದರೆ "ಸುಣ್ಣದಲ್ಲಿ ಕ್ಯಾಲ್ಸಿಯಂ ಇದೆಯಲ್ಲ" ಅನ್ನುತ್ತಾರೆ. ಇದೆ ನಿಜ. ಆದರೆ ಅಡಿಕೆ ಬಾಯಿ ಕ್ಯಾನ್ಸರ್ ತರುವುದೂ ಅಷ್ಟೇ ನಿಜ. ಸುಣ್ಣಕ್ಕಾಗಿ ಅಡಿಕೆ ಅಗಿಯುವುದು ಬೇಡ.

ಈಗ ಮಗಳ ವಿಷಯ. ಅವಳ ವಯಸ್ಸು ಬಹಳ ಮುಖ್ಯ. ಹೆಣ್ಣುಮಕ್ಕಳಿಗೆ ಹನ್ನೆರಡು–ಹದಿಮೂರರ ಆಸುಪಾಸಿನಲ್ಲಿ ಮೂಳೆ ಎಲ್ಲಕ್ಕಿಂತ ಜೋರಾಗಿ ಕಟ್ಟಿಕೊಳ್ಳುತ್ತದೆ, ಗಂಡುಮಕ್ಕಳಿಗೆ ಹದಿನಾಲ್ಕರ ಹೊತ್ತಿಗೆ. ದೊಡ್ಡವರಾದಾಗ ಮೂಳೆಯಲ್ಲಿ ಇರುವ ಒಟ್ಟು ಕ್ಯಾಲ್ಸಿಯಂನಲ್ಲಿ ಕಾಲು ಭಾಗದಷ್ಟು ಸೇರುವುದು ಈ ಎರಡೇ ವರ್ಷಗಳಲ್ಲಿ. ಇಪ್ಪತ್ತರ ಹೊತ್ತಿಗೆ ಹೆಚ್ಚುಕಡಿಮೆ ಎಲ್ಲ ಮುಗಿದಿರುತ್ತದೆ. ಅಪ್ಪ ಅಮ್ಮನಿಂದ ಬಂದ ಗುಣದ ಪಾಲೇ ಇದರಲ್ಲಿ ದೊಡ್ಡದು, ಅದನ್ನು ಬದಲಿಸಲಾಗದು. ಉಳಿದ ಪಾಲು ಊಟ, ಆಟ, ಬಿಸಿಲಿನದು.

ಹಾಲು ಬೇಡವೆಂದರೆ ಮೂಗು ಹಿಡಿದು ಕುಡಿಸಬೇಡಿ. ಅವಳಿಗೆ ದಿನಕ್ಕೆ 1000 ಮಿಲಿಗ್ರಾಂ ಬೇಕು, ಅದು ಹಾಲಿನಿಂದಲೇ ಬರಬೇಕೆಂದಿಲ್ಲ. ಹೊಟ್ಟೆ ಉಬ್ಬರಿಸಿ ಹಾಲು ಒಗ್ಗದವರಿಗೂ ಮೊಸರು ಸಾಮಾನ್ಯವಾಗಿ ಒಗ್ಗುತ್ತದೆ. ಎರಡು ಬಟ್ಟಲು ಮೊಸರಿನಿಂದ ಸುಮಾರು 350. ಬೆಳಿಗ್ಗೆ ರಾಗಿ ರೊಟ್ಟಿ ಅಥವಾ ರಾಗಿ ದೋಸೆ, 60 ಗ್ರಾಂ ಹಿಟ್ಟಿನದಾದರೆ 210. ಸಿಪ್ಪೆ ತೆಗೆಯದ ಎಳ್ಳಿನ ಒಂದು ಸಣ್ಣ ಉಂಡೆ, 10 ಗ್ರಾಂ ಎಳ್ಳು ಇದ್ದರೆ 130. ನುಗ್ಗೆಸೊಪ್ಪಿನ ಪಲ್ಯ 150. ಹುರುಳಿಯೋ ಬೇಳೆಯೋ ಸೇರಿ ಇನ್ನೊಂದು 80–100. ಸಾವಿರದ ಹತ್ತಿರ ಬಂತಲ್ವಾ? ಸೊಪ್ಪುಗಳಲ್ಲಿ ಸ್ವಲ್ಪ ಆಯ್ಕೆ ಬೇಕು. ಪಾಲಕ್‌ನಲ್ಲಿ ಫೈಟೇಟ್‌ನಂತೆಯೇ ಕ್ಯಾಲ್ಸಿಯಂ ಹಿಡಿದಿಡುವ ಆಕ್ಸಲೇಟ್ ಜಾಸ್ತಿ, ಅದರ ಕ್ಯಾಲ್ಸಿಯಂನಲ್ಲಿ ಮೈಗೆ ಹತ್ತುವುದು ಶೇ. 5ರಷ್ಟೇ. ಹಾಲಿನದು ಶೇ. 30ರ ಆಸುಪಾಸು. ಮೂಲಂಗಿ ಸೊಪ್ಪು ಒಳ್ಳೆಯದು, ಅದನ್ನೇ ನಾವು ಕಿತ್ತು ಎಸೆದು ಗಡ್ಡೆ ಮಾತ್ರ ಮನೆಗೆ ತರುತ್ತೇವೆ! ಮೀನು ತಿನ್ನುವ ಮನೆಯಾದರೆ ಮುಳ್ಳಿನ ಸಮೇತ ಅಗಿಯುವ ಸಣ್ಣ ಮೀನು ಕೊಡಿ. ಎತ್ತರ ಬೆಳೆಸುತ್ತೇವೆ ಅನ್ನುವ ಡಬ್ಬಿ ಪುಡಿಗಳಿಗೆ ದುಡ್ಡು ಸುರಿಯಬೇಡಿ, ಅವುಗಳಲ್ಲಿ ಬಹಳಷ್ಟರಲ್ಲಿ ಸಕ್ಕರೆಯೇ ಹೆಚ್ಚು.

ಊಟಕ್ಕಿಂತ ನನಗೆ ಚಿಂತೆ ಅವಳ ಆಟದ್ದು. ಮೂಳೆ ಗಟ್ಟಿಯಾಗುವುದು ಅದರ ಮೇಲೆ ಭಾರ ಬಿದ್ದಾಗ. ಕುಂಟೆಬಿಲ್ಲೆ, ಖೋ-ಖೋ, ಥ್ರೋಬಾಲ್, ಸ್ಕಿಪ್ಪಿಂಗ್, ಒಟ್ಟಿನಲ್ಲಿ ಕುಣಿದು ಕುಪ್ಪಳಿಸುವ ಯಾವುದಾದರೂ ಸರಿ. ಈಜು ಒಳ್ಳೆಯದು, ಆದರೆ ಮೂಳೆಗೆ ಅಷ್ಟು ಉಪಯೋಗವಿಲ್ಲ. ಎಂಟನೇ ಕ್ಲಾಸಿಗೆ ಬಂದ ಕೂಡಲೇ ಹುಡುಗಿಯರ ಆಟ ನಿಲ್ಲಿಸಿ ಟ್ಯೂಷನ್ನಿಗೆ ಕಳಿಸುತ್ತೇವೆ. ಮೂಳೆಗೆ ಇದಕ್ಕಿಂತ ಕೆಟ್ಟ ಹೊತ್ತು ಇನ್ನೊಂದಿಲ್ಲ. ಸಣ್ಣಗಾಗಲು ಊಟ ಬಿಡುತ್ತಿದ್ದಾಳಾ, ಮುಟ್ಟು ಶುರುವಾಗಿ ಆಮೇಲೆ ತಿಂಗಳುಗಟ್ಟಲೆ ನಿಂತಿದೆಯಾ ಅಂತಲೂ ಗಮನಿಸಿ. ನಿಂತಿದ್ದರೆ ವೈದ್ಯರಿಗೆ ತೋರಿಸಿ.

ಕೊನೆಗೆ ನೀವು. ಮೂಳೆ ಟೊಳ್ಳಾಗುವುದರಿಂದ ಮೊಣಕಾಲು ನೋಯುವುದಿಲ್ಲ. ಮೂಳೆ ಮುರಿಯುವ ತನಕ ಆಸ್ಟಿಯೋಪೊರೋಸಿಸ್ ಸದ್ದೇ ಮಾಡುವುದಿಲ್ಲ. ನಿಮ್ಮ ನೋವು ಕೀಲಿನೊಳಗೆ ಮೆತ್ತೆಯಂತಿರುವ ಮೃದ್ವಸ್ಥಿಯದೋ, ಮಂಡಿಚಿಪ್ಪಿನ ಹಿಂಭಾಗದ್ದೋ ಇರಬಹುದು. ಅದಕ್ಕೆ ಬೇಕಾದದ್ದು ತೊಡೆಯ ಸ್ನಾಯು ಬಲಪಡಿಸುವ ವ್ಯಾಯಾಮ, ತೂಕ ಜಾಸ್ತಿ ಇದ್ದರೆ ಅಷ್ಟಿಷ್ಟು ಇಳಿಸುವುದು. ಮಂಡಿ ಊದಿಕೊಂಡರೆ ಅಥವಾ ಹಿಡಿದುಕೊಂಡರೆ ಮೂಳೆ ವೈದ್ಯರಿಗೆ ತೋರಿಸಿ. ಕ್ಯಾಲ್ಸಿಯಂ ಮಾತ್ರೆಗೂ ಈ ನೋವಿಗೂ ಸಂಬಂಧವಿಲ್ಲ. ಕ್ಯಾಂಪಿನ ಹಿಮ್ಮಡಿ ಮಷೀನು ಅಲ್ಟ್ರಾಸೌಂಡಿನದು. ಅದರ ಚೀಟಿ ನೋಡಿ ಕಾಯಿಲೆ ಇದೆ ಅಂತಲೂ ಹೇಳಲಾಗದು, ಔಷಧಿ ಶುರು ಮಾಡಲೂ ಆಗದು. ಚೀಟಿ ಹರಿದು ಹಾಕಿ.

ಆದರೆ ಅಮ್ಮನಿಗೆ ಮೂಳೆ ಮುರಿದಿದೆ ಅನ್ನುವುದು ನಿಮಗೂ ಲೆಕ್ಕಕ್ಕೆ ಬರುತ್ತದೆ, ಮುಟ್ಟು ನಿಲ್ಲುವ ವಯಸ್ಸೂ ಹತ್ತಿರವಿದೆ. ಹಾಗಾಗಿ ಮುಟ್ಟು ನಿಂತ ಮೇಲೆ ಒಮ್ಮೆ ಡೆಕ್ಸಾ ಮಾಡಿಸಿಕೊಳ್ಳಿ. ಅಲ್ಲಿಯವರೆಗೆ ವಾರಕ್ಕೆ ಎರಡು ಮೂರು ದಿನ ಭಾರ ಎತ್ತುವ ವ್ಯಾಯಾಮ. ಉಪ್ಪಿನಕಾಯಿ, ಹಪ್ಪಳ ಹಿಡಿತದಲ್ಲಿರಲಿ, ಉಪ್ಪು ಜಾಸ್ತಿಯಾದಷ್ಟೂ ಮೂತ್ರದಲ್ಲಿ ಕ್ಯಾಲ್ಸಿಯಂ ಹೋಗುತ್ತದೆ. ಕಾಫಿಗೆ ಹೆದರಬೇಡಿ. ಎರಡು ಲೋಟ ಫಿಲ್ಟರ್ ಕಾಫಿ ಕಳೆಯುವುದನ್ನು ಅದರಲ್ಲಿರುವ ಹಾಲೇ ತುಂಬುತ್ತದೆ.

ಬಿಸಿಲಿನ ವಿಷಯಕ್ಕೆ ಬಂದರೆ, ಚರ್ಮದಲ್ಲಿ ವಿಟಮಿನ್ ಡಿ ತಯಾರಾಗುವುದು ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಮೂರರವರೆಗಿನ ಬಿಸಿಲಿನಲ್ಲಿ. ಎಳೆಬಿಸಿಲು ಹಿತ, ಆದರೆ ಅದರಲ್ಲಿ ಬೇಕಾದ ಕಿರಣ ಕಡಿಮೆ. ಕಿಟಕಿಯ ಗಾಜು ಆ ಕಿರಣವನ್ನು ತಡೆದುಬಿಡುತ್ತದೆ, ಆಫೀಸಿನ ಗಾಜಿನ ಪಕ್ಕ ಕೂತರೆ ಸೆಕೆ ಮಾತ್ರ ಸಿಗುತ್ತದೆ. ಊಟದ ಹೊತ್ತಿನಲ್ಲಿ ಕೈ ಮುಖಕ್ಕೆ ಬಿಸಿಲು ತಾಗುವಂತೆ ಇಪ್ಪತ್ತು ನಿಮಿಷ ಹೊರಗೆ ನಡೆದಾಡಿ. ರಕ್ತದಲ್ಲಿ ವಿಟಮಿನ್ ಡಿ ಮಿಲಿಲೀಟರಿಗೆ 20 ನ್ಯಾನೊಗ್ರಾಂಗಿಂತ ಕಡಿಮೆ ಇದ್ದರೆ ವೈದ್ಯರು 60,000 ಯೂನಿಟ್‌ನ ಪುಡಿ ಅಥವಾ ಕ್ಯಾಪ್ಸೂಲ್ ವಾರಕ್ಕೊಂದರಂತೆ ಎಂಟು ವಾರ ಬರೆಯುತ್ತಾರೆ. ವಾರಕ್ಕೊಂದು, ದಿನಕ್ಕೊಂದಲ್ಲ. ಇದನ್ನು ದಿನಾ ನುಂಗಿ ವಾಂತಿ, ಮಲಬದ್ಧತೆ, ಗೊಂದಲ, ಕೊನೆಗೆ ಕಿಡ್ನಿ ಕೆಟ್ಟು ಆಸ್ಪತ್ರೆ ಸೇರುವವರಿದ್ದಾರೆ. ಒಂದೇ ಸಲ ದೊಡ್ಡ ಡೋಸ್ ಕೊಟ್ಟರೆ ಒಳ್ಳೆಯದಲ್ವಾ ಅಂದರೆ, ಅದೂ ಅಲ್ಲ. ಆಸ್ಟ್ರೇಲಿಯಾದಲ್ಲಿ ವಯಸ್ಸಾದ ಹೆಂಗಸರಿಗೆ ವರ್ಷಕ್ಕೊಮ್ಮೆ 5 ಲಕ್ಷ ಯೂನಿಟ್ ಕೊಟ್ಟು ನೋಡಿದ ಅಧ್ಯಯನ 2010ರಲ್ಲಿ ಪ್ರಕಟವಾಯಿತು. ಅದನ್ನು ತೆಗೆದುಕೊಂಡವರು ಬಿದ್ದದ್ದೂ ಜಾಸ್ತಿ, ಮೂಳೆ ಮುರಿದದ್ದೂ ಜಾಸ್ತಿ.

ಇನ್ನು ಆ ಮಾತ್ರೆ. ಮೂವರಲ್ಲಿ ಸದ್ಯ ಅದು ಬೇಕಾಗಬಹುದಾದವರು ಅಮ್ಮ ಒಬ್ಬರೇ. ಅದೂ ಊಟದಿಂದ ಬರುವುದನ್ನು 1200ರಲ್ಲಿ ಕಳೆದು ಉಳಿದಷ್ಟಕ್ಕೆ, ಔಷಧದ ಜೊತೆಯಲ್ಲಿ. ಮಗಳಿಗೆ ಮೇಲಿನ ಊಟ ಸಾಕು. ನೀವು ವಾರವಿಡೀ ತಿಂದದ್ದನ್ನು ಬರೆದು ನೋಡಿ, 1000ಕ್ಕೆ ಬಹಳ ಕಡಿಮೆ ಬಂದರೆ ಮೊದಲು ಮೊಸರು ಹೆಚ್ಚಿಸಿ. ಊಟದ ಕ್ಯಾಲ್ಸಿಯಂನಿಂದ ಕಿಡ್ನಿ ಕಲ್ಲು ಆಗುವುದಿಲ್ಲ. ಮಾತ್ರೆ ಜಾಸ್ತಿಯಾದರೆ ಆ ಸಾಧ್ಯತೆ ಸ್ವಲ್ಪ ಏರುತ್ತದೆ. ತೆಗೆದುಕೊಳ್ಳಲೇಬೇಕಾದರೆ ಒಂದು ಹೊತ್ತಿಗೆ 500 ಮಿಲಿಗ್ರಾಂ ಮೀರಬಾರದು. ಡಬ್ಬಿಯ ಮೇಲೆ ಕ್ಯಾಲ್ಸಿಯಂ ಕಾರ್ಬೊನೇಟ್ 1250 ಅಂತ ಇದ್ದರೆ ಅದರಲ್ಲಿರುವ ಕ್ಯಾಲ್ಸಿಯಂ 500 ಮಾತ್ರ. ಅದನ್ನು ಊಟದ ಜೊತೆ ನುಂಗಬೇಕು. ಕ್ಯಾಲ್ಸಿಯಂ ಸಿಟ್ರೇಟ್ ಆದರೆ ಯಾವಾಗಲಾದರೂ ಸರಿ. ಕಬ್ಬಿಣದ ಮಾತ್ರೆಯ ಜೊತೆ ಬೇಡ, ಕಬ್ಬಿಣ ಸರಿಯಾಗಿ ಮೈಗೆ ಹತ್ತುವುದಿಲ್ಲ. ನಿಮ್ಮಲ್ಲಿ ಯಾರಾದರೂ ಬೆಳಿಗ್ಗೆ ಥೈರಾಯ್ಡ್ ಮಾತ್ರೆ ನುಂಗುವವರಿದ್ದರೆ ನಾಲ್ಕು ಗಂಟೆ ಬಿಟ್ಟು, ಮಧ್ಯಾಹ್ನದ ಊಟದ ಜೊತೆ ತೆಗೆದುಕೊಳ್ಳಿ.